ನಮ್ಮ ಮನೆಯ ನೆಟ್ ಟೀಚರ್ ಹೆಸರಿನಲ್ಲಿತ್ತು

ಭಾನುವಾರ ಬೆಳಗ್ಗೆ ಇಡ್ಲಿ ಹಿಟ್ಟಿಗೆ ಉಪ್ಪು ಹಾಕಿ ಕಲಸುತ್ತಿದ್ದೆ, ಟೀಚರ್ ಕಡೆಯಿಂದ ಮೆಸೇಜ್ ಬಂತು. ಗಣಪತಿ ಹಬ್ಬಕ್ಕೆ ಅವರೊಂದು ಶುಭಾಶಯದ ಚಿತ್ರ ಕಳಿಸಿದ್ದರು, ನಾನು ಕೈ ಮುಗಿದ ಗುರುತು ಹಾಕಿದ್ದೆ. ದೀಪಾವಳಿಗೆ ಅದೂ ಇಲ್ಲದೆ ಇಬ್ಬರೂ ಸುಮ್ಮನಿದ್ದೆವು. ಹಾಗಾಗಿ ಕೈ ಒರೆಸಿಕೊಳ್ಳುವುದಕ್ಕೂ ಕಾಯದೆ ಹಿಟ್ಟಿನ ಬೆರಳಲ್ಲೇ ಫೋನ್ ತೆರೆದೆ. ಬಂದದ್ದು ಅವರ ಮಾತಲ್ಲ. ಇಂಟರ್ನೆಟ್ ಕಂಪನಿಯವರು ಅವರಿಗೆ ಕಳಿಸಿದ್ದನ್ನು ಹಾಗೆಯೇ ನನಗೆ ದಾಟಿಸಿದ್ದರು. ನಿಮ್ಮ ಒಂದು ವರ್ಷದ ಪ್ಲಾನ್ ಹತ್ತು ದಿನದಲ್ಲಿ ಮುಗಿಯುತ್ತದೆ, ಸೇವೆ ನಿಲ್ಲಬಾರದೆಂದರೆ ಬೇಗ ಹಣ ಕಟ್ಟಿ ಅಂತ. ಅದರ ಕೆಳಗೆ ಅವರದೊಂದು ಸಾಲು: 'ಅಕ್ಕಾರ, ನಿಮ್ಮ ನೆಟ್ ಮುಗಿಯಾಕ ಬಂದೈತಿ ನೋಡ್ರಿ.'

'ನಿಮ್ಮ ನೆಟ್' ಅನ್ನುವುದನ್ನು ಎರಡು ಸಲ ಓದಿದೆ. ಹೋದ ವರ್ಷದವರೆಗೆ ಅದು ನಮ್ಮ ನೆಟ್ ಆಗಿತ್ತು.

ಟೀಚರೂ ನಾನೂ ಚೆಂಬೂರಿನ ಒಂದೇ ಮನೆಯಲ್ಲಿ ಹನ್ನೊಂದು ವರ್ಷ ಇದ್ದೆವು. ನಾನು ಕುಂದಾಪುರದ ಕಡೆಯವಳು. ಹೋಟೆಲಿನಲ್ಲಿ ಮ್ಯಾನೇಜರಾಗಿದ್ದ ಅಣ್ಣನ ಜೊತೆ ಇಪ್ಪತ್ತೆರಡನೇ ವಯಸ್ಸಿಗೆ ಮುಂಬೈಗೆ ಬಂದು, ಪರೇಲಿನ ಒಂದು ಆಸ್ಪತ್ರೆಯ ಬಿಲ್ಲಿಂಗ್ ವಿಭಾಗಕ್ಕೆ ಸೇರಿದವಳು ಈಗಲೂ ಅಲ್ಲೇ ಇದ್ದೇನೆ. ಅಣ್ಣ ಊರಿಗೆ ಹೋಗಿ ಅಲ್ಲೇ ತೀರಿಕೊಂಡ. ಟೀಚರ್ ಬಾಗಲಕೋಟೆಯ ಕಡೆಯವರು, ಮುನಿಸಿಪಾಲ್ಟಿಯ ಕನ್ನಡ ಶಾಲೆಯಲ್ಲಿ ಕಲಿಸುತ್ತಿದ್ದರು. ಚೆಂಬೂರಿನಲ್ಲಿ ತಮಿಳು ಅಜ್ಜಿಯೊಬ್ಬರ ಮನೆಯಲ್ಲಿ ನಾವಿಬ್ಬರೂ ಪೇಯಿಂಗ್ ಗೆಸ್ಟಾಗಿದ್ದೆವು. ಅಜ್ಜಿ ಹೋದ ಮೇಲೆ ಅವರ ಮಕ್ಕಳು ಮನೆ ಮಾರಿದರು. ಒಬ್ಬೊಬ್ಬರೇ ಬಾಡಿಗೆ ಕಟ್ಟುವುದು ಆಗದ ಮಾತು, ಜೊತೆಯಲ್ಲಿ ಹುಡುಕೋಣ ಅಂತ ಟೀಚರೇ ಹೇಳಿದರು. ಹಾಗೆ ಸಿಕ್ಕಿದ್ದು ಹಳೇ ಕಾಲನಿಯೊಂದರ ಮೂರನೇ ಮಾಳಿಗೆಯ ಈ ಮನೆ. ಒಂದು ಕೋಣೆ, ಒಂದು ಹಾಲ್, ಒಂದು ಅಡುಗೆಮನೆ.

ನಮ್ಮಿಬ್ಬರದು ಗೆಳೆತನ ಅಂತ ಆಗ ನಾನು ಅಂದುಕೊಂಡಿರಲಿಲ್ಲ. ಅವರು ನನಗೆ 'ಅಕ್ಕಾರ', ನಾನು ಅವರಿಗೆ 'ಟೀಚರ್', ಕೊನೆಯವರೆಗೂ ಬಹುವಚನ. ನನಗೆ ಕುಚ್ಚಲಕ್ಕಿ ಅನ್ನ ಬೇಕು, ಅವರಿಗೆ ರೊಟ್ಟಿ ಬೇಕು, ಹಾಗಾಗಿ ದಿನವೂ ಎರಡು ಅಡುಗೆ. ನಾನು ಮೊದಲ ಲೋಕಲ್ ಹಿಡಿದು ಕುರ್ಲಾದಲ್ಲಿ ಬದಲಿಸಿ ಪರೇಲಿಗೆ ಹೋಗುವವಳು, ಅವರ ಶಾಲೆ ನಡೆದು ಹೋಗುವಷ್ಟು ಹತ್ತಿರ. ಸಂಜೆ ನಾನು ಬರುವಾಗ ಬಾಗಿಲು ಒಳಗಿನಿಂದ ಹಾಕಿರುತ್ತಿತ್ತು, ಬೆಲ್ ಒತ್ತಿದರೆ ಚಪ್ಪಲಿ ಎಳೆಯುತ್ತ ಬರುವ ಸದ್ದು ಕೇಳಿಸುತ್ತಿತ್ತು. ಹನ್ನೊಂದು ವರ್ಷ ನಾನು ಕೀ ಚೀಲದ ತಳದಲ್ಲಿಟ್ಟು ಮರೆತಿದ್ದೆ.

ನೆಟ್ ಬಂದದ್ದು ಲಾಕ್‌ಡೌನ್ ಹೊತ್ತಿನಲ್ಲಿ. ಶಾಲೆ ಮುಚ್ಚಿ ಫೋನಿನಲ್ಲೇ ಪಾಠ ಮಾಡಬೇಕು ಅಂತ ಆದೇಶವಾಯಿತು. ನಮ್ಮ ಮನೆಯಲ್ಲಿ ಸಿಗ್ನಲ್ ಸಿಗುತ್ತಿದ್ದದ್ದು ಬಚ್ಚಲುಮನೆಯ ಕಿಟಕಿಯ ಹತ್ತಿರ ಮಾತ್ರ. ಟೀಚರ್ ಎರಡು ದಿನ ಬಚ್ಚಲಲ್ಲೇ ಸ್ಟೂಲ್ ಹಾಕಿಕೊಂಡು ಮಗ್ಗಿ ಹೇಳಿಸಿದರು. ಮೂರನೇ ದಿನ ಸಿಟ್ಟು ಬಂದು, ತಮ್ಮ ಹೆಸರಿನಲ್ಲೇ ಕನೆಕ್ಷನ್‌ಗೆ ಬರೆದುಕೊಟ್ಟರು. ಅವರ ಶಾಲೆಯ ಮಕ್ಕಳೆಲ್ಲ ಕಟ್ಟಡದ ಕೆಲಸಕ್ಕೆ ಬಂದವರ ಮಕ್ಕಳು. ಅಪ್ಪ ಕೆಲಸದಿಂದ ಬಂದ ಮೇಲೇ ಮನೆಯಲ್ಲಿ ಫೋನ್ ಇರುವುದು, ಅದಕ್ಕೇ ಪಾಠ ಸಂಜೆ ಹೊತ್ತು ನಡೆಯುತ್ತಿತ್ತು. ಆಸ್ಪತ್ರೆಯಿಂದ ಬಂದು, ಸ್ನಾನ ಮಾಡಿ, ನಾನು ಒಳಗಿನ ಕೋಣೆಯಲ್ಲಿ ಕೂತರೆ ಹಾಲ್‌ನಿಂದ ಮಕ್ಕಳ ದನಿ ಬರುತ್ತಿತ್ತು. ಆ ದಿನಗಳಲ್ಲಿ ನನ್ನ ಕೌಂಟರಿಗೆ ಬರುವ ಬಿಲ್ಲುಗಳು ಎಂಥವು ಅಂತ ಹೇಳುವುದು ಬೇಡ. ಒಂದು ಸಂಜೆ ನಾನು ಮಾತೇ ಆಡದೆ ಮಲಗಿದ್ದನ್ನು ಕಂಡು ಟೀಚರ್ ಫೋನನ್ನು ನನ್ನ ಕೋಣೆಗೆ ತಂದು, "ಇವರು ಅಕ್ಕಾರು, ದವಾಖಾನಿಯೊಳಗ ಕೆಲಸಾ ಮಾಡ್ತಾರ, ನಮಸ್ಕಾರ ಹೇಳ್ರಿ" ಅಂದರು. ಚಿಕ್ಕ ಚಿಕ್ಕ ಚೌಕಗಳಲ್ಲಿ ಹನ್ನೆರಡು ಮಕ್ಕಳು ಕೈ ಮುಗಿದರು. ನಾನು ಎದ್ದು ಕೂತೆ. ಆಮೇಲೆ ಊಟವನ್ನೂ ಮಾಡಿದೆ.

ಶಾಲೆ ಮತ್ತೆ ತೆರೆದ ಮೇಲೂ ನೆಟ್ ಉಳಿಯಿತು. ಪ್ರತಿ ವರ್ಷ ಅವರ ಫೋನಿಗೆ ಎಚ್ಚರಿಕೆ ಬರುತ್ತಿತ್ತು, ಕಂಪನಿಯವರು ಹೇಳಿದಷ್ಟು ಅವರು ಕಟ್ಟುತ್ತಿದ್ದರು, ಅರ್ಧ ನಾನು ಕೊಡುತ್ತಿದ್ದೆ. ದರ ವರ್ಷವರ್ಷ ಏರಿದ್ದನ್ನು ಇಬ್ಬರೂ ಗಮನಿಸಲಿಲ್ಲ.

ಆಮೇಲೆ ಶಾಲೆಗೆ ಮಕ್ಕಳು ಕಡಿಮೆಯಾಗುತ್ತ ಬಂದರು. ಕೊನೆಗೆ ಕನ್ನಡದ ತರಗತಿಗಳನ್ನು ಇನ್ನೊಂದು ಶಾಲೆಗೆ ಸೇರಿಸುವ ಮಾತು ಬಂದಾಗ ಟೀಚರ್ ಅವಧಿಗೆ ಮೊದಲೇ ನಿವೃತ್ತಿ ತಗೊಂಡರು. ಅವರಿಗಾಗ ಐವತ್ತಮೂರು. ಇನ್ನು ಹಗಲು ಮನೆಯಲ್ಲಿರುತ್ತಾರೆ, ಮಧ್ಯಾಹ್ನ ಬರುವ ಹಾಲು ಕಾಯಿಸುವವರಿಲ್ಲದೆ ಒಡೆಯುವುದಿಲ್ಲ ಅಂತ ನಾನು ಮನಸ್ಸಿನಲ್ಲೇ ಸಂತೋಷಪಟ್ಟೆ. ಎರಡು ತಿಂಗಳ ಮೇಲೆ ಒಂದು ಬೆಳಗ್ಗೆ ನಾನು ಡಬ್ಬಿ ಕಟ್ಟುತ್ತಿದ್ದಾಗ, ಸಿಂಕಿನ ಕಡೆ ಮುಖ ಮಾಡಿಕೊಂಡೇ ಅವರು ವಿಷಯ ಹೇಳಿದರು. ಊರಿನಲ್ಲಿರುವ ಅವರ ತಮ್ಮ ಅವರಿಗೊಂದು ಸಂಬಂಧ ತಂದಿದ್ದಾನೆ, ಧಾರವಾಡದವರು, ಅಂಚೆ ಇಲಾಖೆಯಲ್ಲಿದ್ದು ನಿವೃತ್ತರಾಗಿದ್ದಾರೆ, ಹೆಂಡತಿ ತೀರಿ ನಾಲ್ಕು ವರ್ಷವಾಯಿತು, ಒಬ್ಬಳೇ ಮಗಳು, ಅವಳ ಮದುವೆಯಾಗಿದೆ. ತಾನು ಒಪ್ಪಿದ್ದೇನೆ ಅಂದರು. ಯಾವಾಗ ಒಪ್ಪಿದಿರಿ ಅಂತ ಕೇಳಿದರೆ, ದಸರೆಗೆ ಊರಿಗೆ ಹೋದಾಗಲೇ ಅಂದರು. ಊರಿಂದ ಬಂದು ಆಗಲೇ ಐದು ವಾರವಾಗಿತ್ತು.

ನಾನು "ಒಳ್ಳೇದಾಯ್ತು ಟೀಚರ್" ಅಂದೆ. ಡಬ್ಬಿಯ ಮುಚ್ಚಳ ಸರಿಯಾಗಿ ಕೂರಲಿಲ್ಲ, ತೆಗೆದು ಮತ್ತೆ ಹಾಕಿದೆ, ಹೊರಟೆ. ಕುರ್ಲಾದಲ್ಲಿ ಇಳಿಯುವುದನ್ನು ಮರೆತು ಮುಂದೆ ಹೋದೆ. ಮದುವೆಯಾಗುತ್ತಾರೆ ಅನ್ನುವುದಕ್ಕಲ್ಲ ನನಗೆ ನೋವಾದದ್ದು. ಐದು ವಾರ ನನ್ನ ಎದುರು ರೊಟ್ಟಿ ತಟ್ಟುತ್ತ, ಧಾರಾವಾಹಿ ನೋಡುತ್ತ, ಕಪಾಟಿನಲ್ಲಿ ಇಲಿ ಬಂದಿದೆ ಅಂತ ನನ್ನ ಕೈಯಲ್ಲಿ ಬೋನು ತರಿಸುತ್ತ ಇದ್ದವರು ಆ ಒಂದು ಮಾತನ್ನು ಒಳಗೆ ಇಟ್ಟುಕೊಂಡಿದ್ದರಲ್ಲ ಅಂತ. ಇದನ್ನು ಕೇಳುವ ಹಕ್ಕು ನನಗೆ ಇತ್ತೋ ಇಲ್ಲವೋ, ಕೇಳಲಿಲ್ಲ. ಮದುವೆಗೂ ಹೋಗಲಿಲ್ಲ. ಆಸ್ಪತ್ರೆಯಲ್ಲಿ ಹೊಸ ಸಾಫ್ಟ್‌ವೇರ್ ಹಾಕುತ್ತಿದ್ದಾರೆ, ಯಾರಿಗೂ ರಜೆ ಇಲ್ಲ ಅಂತ ಸುಳ್ಳು ಹೇಳಿದೆ. ಮದುವೆಯ ದಿನ ಕೌಂಟರಿನಲ್ಲಿ ಕೂತು ಎಂದಿನ ಹಾಗೆ ಬಿಲ್ಲು ಹೊಡೆದೆ.

ಹೊರಡುವ ಮೊದಲು ಟೀಚರ್ ನೆಟ್‌ನ ಒಂದು ವರ್ಷದ ಹಣ ಪೂರ್ತಿ ತಾವೇ ಕಟ್ಟಿದ್ದರು. ನನಗೆ ಅದು ಗೊತ್ತಾದದ್ದು ಅವರು ಹೋದ ಮೇಲೆ, ಫ್ರಿಜ್ಜಿನ ಮೇಲೆ ಅಂಟಿಸಿದ್ದ ರಸೀದಿಯಿಂದ. ಅದಕ್ಕೆ ನಾನು ಫೋನ್ ಮಾಡಿ ಒಂದು ಮಾತು ಹೇಳಬೇಕಾಗಿತ್ತು. ಹೇಳದೆ ವರ್ಷವಿಡೀ ಅವರ ನೆಟ್‌ನಲ್ಲಿ ಊಟದ ಹೊತ್ತಿಗೆ ಊರಿನ ಸುದ್ದಿ, ಯಕ್ಷಗಾನ, ಅಡುಗೆಯ ವಿಡಿಯೋ ನೋಡಿದೆ. ನೋಡಿದೆ ಅನ್ನುವುದಕ್ಕಿಂತ ಮನೆಯಲ್ಲಿ ಒಂದು ದನಿ ಇರಲಿ ಅಂತ ಹಚ್ಚಿಟ್ಟೆ.

ಮೆಸೇಜ್ ಬಂದ ಮಾರನೇ ದಿನ ನಾನು ಕಂಪನಿಯ ಕಸ್ಟಮರ್ ಕೇರ್‌ಗೆ ಫೋನ್ ಮಾಡಿದೆ. ಇದು ಒತ್ತಿ ಅದು ಒತ್ತಿ ಅಂತ ಯಂತ್ರ ಸುತ್ತಾಡಿಸಿ ಕೊನೆಗೊಬ್ಬ ಮನುಷ್ಯ ಸಿಕ್ಕಿದ. ನಾನು ಫೋನ್ ಮಾಡುತ್ತಿರುವುದು ರಿಜಿಸ್ಟರ್ ಆದ ನಂಬರಿನಿಂದ ಅಲ್ಲ, ಆದ್ದರಿಂದ ಏನನ್ನೂ ಹೇಳಲು ಬರುವುದಿಲ್ಲ ಅಂದ. ಈ ಮನೆಯಲ್ಲಿ ಇರುವವಳು ನಾನೇ ಅಂದೆ. ಇರಬಹುದು ಮೇಡಂ, ಆದರೆ ಸಿಸ್ಟಮ್‌ನಲ್ಲಿ ನೀವು ಇಲ್ಲ ಅಂದ. ಅವನು ಒರಟಾಗಿ ಹೇಳಿದ್ದಲ್ಲ, ಇದ್ದದ್ದನ್ನು ಹೇಳಿದ್ದು.

ಆಸ್ಪತ್ರೆಯಲ್ಲಿ ನನ್ನ ಪಕ್ಕದ ಕೌಂಟರಿನವಳು ಮಲಾಡ್‌ನಿಂದ ಬರುವ ಮರಾಠಿ ಹೆಂಗಸು, ಇಂಥ ವಿಷಯಗಳಲ್ಲಿ ಬಹಳ ಚುರುಕು. ನಮ್ಮ ದರ ಕೇಳಿ ಅವಳು ಹಣೆ ಚಚ್ಚಿಕೊಂಡಳು. ಅವಳ ಮನೆಯಲ್ಲಿ ಅದೇ ಕಂಪನಿ, ಎರಡು ಪಟ್ಟು ವೇಗ, ನಮ್ಮದಕ್ಕಿಂತ ಮೂರನೇ ಒಂದು ಪಾಲು ಕಡಿಮೆ. ಇವರೆಲ್ಲ ಹಳೇ ಗಿರಾಕಿಯನ್ನು ಸುಲಿದು ಹೊಸ ಗಿರಾಕಿಗೆ ಹಂಚುತ್ತಾರೆ ಅಂದಳು. ಪ್ಲಾನ್ ಮುಗಿಯುವ ಹೊತ್ತೇ ಸರಿಯಾದ ಹೊತ್ತು, ಸುಮ್ಮನೆ ಹಣ ಕಟ್ಟಬಾರದು, ಬೇರೆಯವರ ದರ ಎಷ್ಟು ಅಂತ ವಿಚಾರಿಸಿಕೊಂಡು, ಬಿಟ್ಟು ಹೋಗುತ್ತೇನೆ ಅಂತ ಹೇಳಬೇಕು, ಆಗ ತಾವಾಗಿ ಇಳಿಯುತ್ತಾರೆ ಅಂತ ಕಲಿಸಿಕೊಟ್ಟಳು. ನಿಜವಾಗಿ ಬಿಡುವ ಮನಸ್ಸಿಲ್ಲದಿದ್ದರೂ ಹೇಳಬೇಕಾ ಅಂತ ಕೇಳಿದೆ. ಬಿಡುವ ಮನಸ್ಸಿದೆ ಅಂತ ಅವರಿಗೆ ಅನ್ನಿಸಬೇಕು, ಅಷ್ಟೇ, ಅಂದಳು. ಅದು ನನ್ನಿಂದಾಗದ ಕೆಲಸ ಅಂತ ನನಗೆ ಗೊತ್ತಿತ್ತು. ತರಕಾರಿಯವನ ಹತ್ತಿರವೂ ನಾನು ಚೌಕಾಸಿ ಮಾಡಿದವಳಲ್ಲ. ಅದನ್ನೆಲ್ಲ ಟೀಚರ್ ಮಾಡುತ್ತಿದ್ದರು.

ಬೇರೆ ಕಂಪನಿ ವಿಚಾರಿಸಿದೆ. ಎರಡು ಕಂಪನಿಗಳ ವೈರು ನಮ್ಮ ಬಿಲ್ಡಿಂಗಿಗೆ ಬಂದಿಲ್ಲ, ಸೊಸೈಟಿಯವರು ಬಿಟ್ಟಿಲ್ಲ. ಕೇಬಲ್‌ನವನದು ಅಗ್ಗ, ಆದರೆ ಮಳೆಗಾಲದಲ್ಲಿ ವಾರಗಟ್ಟಲೆ ಇರುವುದಿಲ್ಲ ಅಂತ ಕೆಳಗಿನ ಮನೆಯವರು ಹೇಳಿದರು. ಕೊನೆಗೆ ಶನಿವಾರ ಡ್ಯೂಟಿ ಮುಗಿಸಿ ಬರುವಾಗ ಸ್ಟೇಷನ್ ಹತ್ತಿರ ಇರುವ ನಮ್ಮ ಕಂಪನಿಯ ಅಂಗಡಿಗೇ ಹೋದೆ. ಅಲ್ಲಿದ್ದ ಹೆಂಗಸು ನಲವತ್ತರ ಹತ್ತಿರದವಳು, ಸಮಾಧಾನದಿಂದ ಕೂರಿಸಿ ವಿವರಿಸಿದಳು. ಹಳೇ ಕನೆಕ್ಷನ್ ಮುಂದುವರಿಸಿದರೆ ಹಳೇ ದರವೇ. ಅದನ್ನು ಮುಚ್ಚಿ, ಗೋಡೆಯ ಮೇಲಿನ ಹಳೇ ವೈಫೈ ಡಬ್ಬಿ ವಾಪಸ್ ಕೊಟ್ಟು, ನನ್ನ ಹೆಸರಿನಲ್ಲಿ ಹೊಸದಾಗಿ ತಗೊಂಡರೆ ಹೊಸಬರ ದರ, ವರ್ಷದ್ದು ಒಟ್ಟಿಗೆ ಕಟ್ಟಿದರೆ ಮೇಲೊಂದು ತಿಂಗಳು ಬಿಟ್ಟಿ. ಮುಚ್ಚುವುದಕ್ಕೆ ಮಾತ್ರ ಹೆಸರು ಯಾರದೋ ಅವರ ಫೋನಿಗೆ ಹೋಗುವ ಓಟಿಪಿ ಬೇಕು.

"ಯಾರ ಹೆಸರಲ್ಲಿದೆ? ನಿಮ್ಮ ಯಜಮಾನರಾ?" ಅಂತ ಹಿಂದಿಯಲ್ಲಿ ಕೇಳಿದಳು.

ಅಲ್ಲ ಅಂದೆ. ಅವಳ ಕಂಪ್ಯೂಟರಿನಲ್ಲಿ ಸಂಬಂಧ ಅಂತ ಒಂದು ಕಲಂ ಇತ್ತು, ಅದನ್ನು ತುಂಬದೆ ಮುಂದಕ್ಕೆ ಹೋಗುವುದಿಲ್ಲವಂತೆ. ಗಂಡ, ತಂದೆ, ಮಗ, ಮಗಳು, ಮನೆಯ ಮಾಲೀಕ. ಅವಳು ಒಂದೊಂದೇ ಓದುತ್ತ ಹೋದಳು, ನಾನು ಒಂದೊಂದಕ್ಕೂ ಅಲ್ಲ ಅಂತ ತಲೆಯಾಡಿಸಿದೆ. ಕೊನೆಗೆ 'ಇತರೆ' ಅಂತ ಒಂದಿತ್ತು. ಅದನ್ನು ಒತ್ತಿದಳು. ಹನ್ನೊಂದು ವರ್ಷ ಅದರಲ್ಲಿ ಹೋಯಿತು.

ಓಟಿಪಿ ಕಳಿಸಲಾ ಅಂದಳು. ಮೂರು ನಿಮಿಷ ಮಾತ್ರ ಇರುತ್ತದೆ, ಮೊದಲು ಫೋನ್ ಹಚ್ಚಿ ಅಂದಳು. ಇಷ್ಟು ತಿಂಗಳಿಂದ ಹಚ್ಚಲಾಗದ ಫೋನನ್ನು ನಾನು ಆ ಅಂಗಡಿಯ ಬಿಳಿ ದೀಪದ ಕೆಳಗೆ, ಹಿಂದೆ ಇಬ್ಬರು ಗಿರಾಕಿಗಳು ಕಾಯುತ್ತಿರುವಾಗ ಹಚ್ಚಿದೆ. ಒಂದೇ ರಿಂಗಿಗೆ ಎತ್ತಿದರು. ವಿಷಯ ಹೇಳಿದೆ. ಆಗಲಿ, ಕಳಸಾಕ ಹೇಳ್ರಿ ಅಂದರು. ಆ ಕಡೆ ಕುಕ್ಕರ್ ಕೂಗುತ್ತಿತ್ತು, ಯಾರೋ ಗಂಡಸು ಕೆಮ್ಮಿದ್ದು ಕೇಳಿಸಿತು. ಹೆಂಗಸು ಕೀಲಿ ಒತ್ತಿದಳು. ಟೀಚರ್ ಕನ್ನಡಕ ಹುಡುಕುತ್ತಿರುವುದು ಗೊತ್ತಾಯಿತು. ಹುಡುಕುತ್ತಲೇ ಅವರು ಕೇಳಿದರು:

"ಅಕ್ಕಾರ, ಅರಾಮ ಅದೀರಿಲ್ಲೋ?"

ಬಹಳ ಸಣ್ಣ ಪ್ರಶ್ನೆ. ಹೌದು ಅಂದರೆ ಮುಗಿಯುತ್ತಿತ್ತು. ನನಗೆ ದನಿಯೇ ಹೊರಡಲಿಲ್ಲ. ಎದುರಿನ ಹೆಂಗಸು ನನ್ನ ಮುಖ ನೋಡಿ ಕಂಪ್ಯೂಟರಿನ ಕಡೆ ತಿರುಗಿದಳು. ಟೀಚರ್ ಆ ಕಡೆ ಅಕ್ಕಾರ, ಅಕ್ಕಾರ ಅನ್ನುತ್ತಿದ್ದರು. ಲೈನ್ ಕಟ್ಟಾಯಿತು ಅಂದುಕೊಂಡಿರಬೇಕು. ನಾನು, ಇದ್ದೇನೆ ಟೀಚರ್, ನಂಬರ್ ಹೇಳಿ ಅನ್ನುವ ಹೊತ್ತಿಗೆ ಮೂರು ನಿಮಿಷ ದಾಟಿತ್ತು. ಹೆಂಗಸು ಇನ್ನೊಂದು ಕಳಿಸಿದಳು. ಈ ಸಲ ಟೀಚರ್ ಆರು ಅಂಕಿಗಳನ್ನು ಕನ್ನಡದಲ್ಲಿ, ತರಗತಿಯಲ್ಲಿ ಉಕ್ತಲೇಖನ ಕೊಡುವ ಹಾಗೆ, ಒಂದೊಂದನ್ನೂ ಎರಡು ಸಲ ಹೇಳಿದರು. ನಾನು ಹಿಂದಿಯಲ್ಲಿ ದಾಟಿಸಿದೆ. ಅರ್ಜಿ ಹೋಯಿತು. ಮುಚ್ಚುವ ಮೊದಲು ಕಂಪನಿಯವರು ಒಮ್ಮೆ ಆ ನಂಬರಿಗೆ ಫೋನ್ ಮಾಡಿ ಕಾರಣ ಕೇಳುತ್ತಾರೆ, ಹೌದು ಮುಚ್ಚಿ ಅಂತ ಮಾತ್ರ ಹೇಳಲಿ ಅಂದಳು ಹೆಂಗಸು. ಅದನ್ನೂ ಹೇಳಿ, ಹಿಂದೆ ಜನ ಕಾಯುತ್ತಿದ್ದಾರೆ ಅಂತ ಫೋನ್ ಇಟ್ಟೆ. ಅರಾಮ ಇದ್ದೇನೆ ಅಂತ ಹೇಳಲೇ ಇಲ್ಲ.

ಮರುದಿನ ಭಾನುವಾರ. ಸಂಜೆ ಬಟ್ಟೆ ಮಡಚುತ್ತಿದ್ದಾಗ ಟೀಚರೇ ಫೋನ್ ಮಾಡಿದರು. ದನಿಯಲ್ಲಿ ಹುರುಪಿತ್ತು. ಕಂಪನಿಯವರು ಕರೆ ಮಾಡಿದ್ದರಂತೆ. ಯಾಕೆ ಬಿಡುತ್ತೀರಿ ಅಂತ ಕೇಳಿದ್ದಕ್ಕೆ ಇವರು ಬರೀ ಹೌದು ಅನ್ನಲಿಲ್ಲ. ನಾಲ್ಕು ವರ್ಷದ ಹಳೇ ಗಿರಾಕಿ ನಾನು, ಹೊಸಬರಿಗೆ ಕೊಡುವುದನ್ನು ನನಗ್ಯಾಕೆ ಕೊಡುವುದಿಲ್ಲ ಅಂತ ಶುರುಮಾಡಿದರಂತೆ. ಮೊದಲು ಮಾತಾಡಿದವನು ಇನ್ನೊಬ್ಬಳಿಗೆ ಕೊಟ್ಟ, ಅವಳು ಅವರ ಮೇಲಿನವನಿಗೆ ಕೊಟ್ಟಳು. ಮುಕ್ಕಾಲು ಗಂಟೆ ಧಾರವಾಡದಲ್ಲಿ ಕೂತು ಟೀಚರ್ ಚೆಂಬೂರಿನ ನೆಟ್‌ಗೆ ಚೌಕಾಸಿ ಮಾಡಿದ್ದರು. ಕೊನೆಗೆ ಹೊಸಬರ ದರಕ್ಕಿಂತಲೂ ಸ್ವಲ್ಪ ಕಡಿಮೆಗೆ, ವೇಗ ಎರಡು ಪಟ್ಟು, ಎರಡು ತಿಂಗಳು ಬಿಟ್ಟಿ ಅನ್ನುವಲ್ಲಿಗೆ ತಂದು ನಿಲ್ಲಿಸಿದ್ದರು. ಸಂಜೆ ಏಳಕ್ಕೆ ಅವರು ಮತ್ತೆ ಕರೆ ಮಾಡುತ್ತಾರೆ, ಆಗ ಹ್ಞೂಂ ಅಂದರೆ ಸಾಕು. ಡಬ್ಬಿ ವಾಪಸ್ ಕೊಡುವುದು ಬೇಡ, ಹೊಸ ವೈರು ಬೇಡ, ಯಾವ ಓಡಾಟವೂ ಬೇಡ.

"ನನ್ನ ಹೆಸರಿನ್ಯಾಗ ಇರ್ಲಿ ಬಿಡ್ರಿ, ಏನ್ ಭಾರ ಐತಿ?" ಅಂದರು.

ನಾನು, ಮುಂಬೈ ನಂಬರು ಇನ್ನೂ ಇಟ್ಟುಕೊಂಡಿದ್ದೀರಲ್ಲ ಅಂದೆ. ಇದಕ್ಕಾಗಿಯೇ ಇಟ್ಟದ್ದು ಅಂದರು. ಅಲ್ಲಿ ಹೊಸ ನಂಬರ್ ತಗೊಂಡು ಬಹಳ ದಿನವಾಯಿತಂತೆ. ಮುಂಬೈಯ ನಂಬರಿಗೆ ಯಾರೂ ಫೋನ್ ಮಾಡುವುದಿಲ್ಲ. ನೆಟ್ ಕಂಪನಿಯವರ ಮೆಸೇಜ್ ಬಂದರೆ ನನಗೆ ಗೊತ್ತಾಗುವುದು ಹೇಗೆ ಅಂತ ಅದಕ್ಕೆ ರೀಚಾರ್ಜ್ ಮಾಡಿಸುತ್ತಿದ್ದರು.

ನಾನು ಮಡಚಿದ ಸೀರೆಯನ್ನು ಬಿಚ್ಚಿ ಮತ್ತೆ ಮಡಚಿದೆ. ಆಮೇಲೆ, ಹೇಗೆ ಬಾಯಿಗೆ ಬಂತೋ, ಹೇಳಿದೆ:

"ಟೀಚರ್, ಮದುವೆಗೆ ರಜೆ ಇಲ್ಲ ಅಂತ ಹೇಳಿದ್ದೆನಲ್ಲ. ರಜೆ ಇತ್ತು."



"ಗೊತ್ತೈತ್ರಿ" ಅಂದರು. "ಹನ್ನೊಂದು ವರ್ಷ ಮಾರ್ಚ್ ಬಂತಂದ್ರ ರಜಾ ಎಲ್ಲಾ ಸುಮ್ನ ಹೋಗ್ತಾವಂತ ನೀವು ವಟಗುಟ್ಟೂದು ಕೇಳೀನಿ. ಅವತ್ತು ಹೆಂಗ ಇಲ್ದಂಗ ಆದ್ವು?"

ದನಿಯಲ್ಲಿ ಸಿಟ್ಟಿರಲಿಲ್ಲ. ನಾನು ಕೇಳದೇ ಇದ್ದದ್ದಕ್ಕೂ ಅವರು ಉತ್ತರ ಕೊಟ್ಟರು. ದಸರೆಯಿಂದ ಬಂದ ದಿನವೇ ಹೇಳಬೇಕು ಅಂತಿದ್ದರಂತೆ. ಬೆಲ್ ಒತ್ತಿ ನಾನು ಒಳಗೆ ಬರುವುದನ್ನು ಕಂಡಾಗಲೆಲ್ಲ, ನಾಳೆ ಹೇಳಿದರಾಯಿತು ಅನ್ನಿಸುತ್ತಿತ್ತಂತೆ. ಹೇಳಿದರೆ ಎಲ್ಲಿ ಬೇಡ ಅಂತೀರೋ, ಬೇಡ ಅಂದರೆ ಎಲ್ಲಿ ಬಿಟ್ಟುಬಿಡುತ್ತೇನೋ ಅಂತ ಹೆದರಿಕೆಯಾಯಿತು ಅಂದರು. ಮತ್ತೆ, "ನನಗೂ ಒಂದು ಮನಿ ಬೇಕಾಗಿತ್ರಿ ಅಕ್ಕಾರ" ಅಂದರು.

ನಾವಿದ್ದದ್ದು ಮತ್ತೇನು ಅಂತ ಕೇಳಬೇಕು ಅನ್ನಿಸಿತು. ಕೇಳಲಿಲ್ಲ. ಬಾಡಿಗೆ ಚೀಟಿಯನ್ನು ಹನ್ನೊಂದು ತಿಂಗಳಿಗೊಮ್ಮೆ ಹೊಸದು ಮಾಡಿಸುವ ಜಾಗ ಅದು, ಅವರಂದದ್ದು ತಪ್ಪಲ್ಲ.

ಏಳು ಗಂಟೆಗೆ ಇನ್ನೂ ಹೊತ್ತಿತ್ತು. ಅವರು ತಂದು ನಿಲ್ಲಿಸಿದ ದರಕ್ಕೆ ಒಪ್ಪಿದ್ದರೆ ನನಗೆ ಎಲ್ಲ ರೀತಿಯಲ್ಲೂ ಲಾಭವೇ. ವರ್ಷಕ್ಕೊಮ್ಮೆಯಾದರೂ ಅವರಿಂದ ಒಂದು ಮೆಸೇಜ್ ಬರುತ್ತಿತ್ತು, ನಾನು ಫೋನ್ ಮಾಡುವುದಕ್ಕೆ ಕಾರಣವೊಂದು ಇರುತ್ತಿತ್ತು. ಅದನ್ನೇ ನೆನೆದು ನನಗೆ ನಾಚಿಕೆಯಾಯಿತು. ಕಾರಣಕ್ಕೆ ಕಾದುಕೊಂಡಿದ್ದರಿಂದಲೇ ಒಂದು ವರ್ಷ ಹೋಗಿತ್ತು. ಅವರಿಗೂ ಯಾರೂ ಕರೆಯದ ನಂಬರೊಂದನ್ನು ನನಗಾಗಿ ಜೀವದಲ್ಲಿ ಇಟ್ಟುಕೊಳ್ಳುವ ಕೆಲಸ ಯಾಕೆ?

"ಬೇಡ ಟೀಚರ್" ಅಂದೆ. "ನನ್ನ ಹೆಸರಲ್ಲೇ ತಗೊಳ್ತೇನೆ. ನೀವು ಆ ನಂಬರ್ ಬಿಟ್ಟುಬಿಡಿ."

ಮುಕ್ಕಾಲು ಗಂಟೆ ಚೌಕಾಸಿ ಮಾಡಿದ್ದು ವ್ಯರ್ಥವಾಯಿತಲ್ಲ ಅಂತ ಅವರು ಒಮ್ಮೆ ಗೊಣಗಿದರು. ಆಮೇಲೆ, ಹಾಂಗಂದ್ರ ಅವರು ನಿಮಗೂ ಇದಽ ದರ ಕೊಡಬೇಕು, ಅಂಗಡಿಯಾಕಿಗೆ ನನ್ನ ಹೆಸರು ಹೇಳ್ರಿ ಅಂತ ಜೋರುಮಾಡಿದರು. ನಾನು ನಕ್ಕೆ, ಅವರೂ ನಕ್ಕರು. ಅಂಗಡಿಯವಳು ಆ ದರ ಕೊಡಲಿಲ್ಲ. ಅದು ಬಿಟ್ಟುಹೋಗುವವರನ್ನು ಹಿಡಿದಿಡುವ ದರ, ಹೊಸದಾಗಿ ಸೇರುವವರಿಗಲ್ಲ ಅಂದಳು. ಕೇಳಿದೆ ಅನ್ನುವುದೇ ನನ್ನ ಮಟ್ಟಿಗೆ ದೊಡ್ಡದು. ಎರಡನೇ ಸಲ ಕೇಳಿದಾಗ ಇನ್‌ಸ್ಟಾಲೇಶನ್ ಚಾರ್ಜ್ ಬಿಟ್ಟಳು.

ಬುಧವಾರ ಅರ್ಧ ದಿನ ರಜೆ ಹಾಕಿದೆ. ಕಂಪನಿಯ ಲೈನ್‌ಮನ್ ಬಂದ, ಉತ್ತರ ಪ್ರದೇಶದ ಜೌನ್‌ಪುರದ ಕಡೆಯ ಹಿರಿಯ. ಅಡುಗೆಮನೆಯ ಕಿಟಕಿಯಿಂದ ಬಂದಿದ್ದ ಹಳೇ ವೈರನ್ನು ಎಳೆದು ಸುರುಳಿ ಸುತ್ತಿದ. ಗೋಡೆಯಿಂದ ಡಬ್ಬಿ ತೆಗೆದಾಗ ಹಿಂದೆ ಸುಣ್ಣ ಬಳಿಯದ ಒಂದು ಚೌಕ ಉಳಿಯಿತು. ಹೊಸ ಡಬ್ಬಿಯನ್ನು ಎಲ್ಲಿ ಹಾಕಲಿ ಅಂತ ಕೇಳಿದ. ಹಳೇದು ಹಾಲ್‌ನಲ್ಲಿತ್ತು, ಟೀಚರ್ ಪಾಠ ಮಾಡುವುದಕ್ಕೆ ಅನುಕೂಲ ಅಂತ. ಈಗ ಹಾಲ್‌ನಲ್ಲಿ ಯಾರೂ ಕೂರುವುದಿಲ್ಲ. ಕೋಣೆಯಲ್ಲಿ ಹಾಕಿ ಅಂದೆ. ಎಷ್ಟು ಜನ ಉಪಯೋಗಿಸುತ್ತೀರಿ ಅಂದ. ಒಬ್ಬಳೇ ಅಂದೆ. ಇಷ್ಟು ವೇಗ ಒಬ್ಬರಿಗೆ ಹೆಚ್ಚಾಯಿತು ಅಂತ ಅವನಿಗೆ ಅನ್ನಿಸಿರಬೇಕು. ಹೇಳಲಿಲ್ಲ. ಚಹಾ ಕುಡಿದು ಹೋದ.

ಆ ಸಂಜೆ ವಿಡಿಯೋ ಎಲ್ಲೂ ನಿಲ್ಲದೆ ಓಡಿತು. ಮೊದಲು ಸುತ್ತುತ್ತ ನಿಲ್ಲುತ್ತಿದ್ದಾಗ ನಾನು ಎದ್ದು ಪಾತ್ರೆ ತೊಳೆದು ಬರುತ್ತಿದ್ದೆ. ಈಗ ಎಲ್ಲವೂ ಬೇಗ ಮುಗಿಯಿತು. ಎಂಟೂವರೆಗೇ ಮಾಡಲು ಏನೂ ಉಳಿದಿರಲಿಲ್ಲ.

ಟೀಚರ್‌ಗೆ ನಾನು ಭಾನುವಾರ ಫೋನ್ ಮಾಡಲು ಶುರುಮಾಡಿದೆ, ಹೊಸ ನಂಬರಿಗೆ. ಮೊದಲೆರಡು ವಾರ ಮಾತು ಬಹಳ ಹೊತ್ತು ನಡೆಯಿತು. ಆಮೇಲೆ ಅರ್ಧ ಗಂಟೆಗೆ ಬಂತು, ಕೆಲವು ವಾರ ನೆಂಟರು ಬಂದಿದ್ದಾರೆ, ಆಮೇಲೆ ಮಾಡುತ್ತೇನೆ ಅಂತ ಇಟ್ಟು ಮರೆಯುತ್ತಾರೆ. ಅದಕ್ಕೆ ನಾನು ಬೇಸರ ಮಾಡಿಕೊಳ್ಳುವುದಿಲ್ಲ ಅಂದರೆ ಸುಳ್ಳು. ಮಾಡಿಕೊಳ್ಳುತ್ತೇನೆ, ಮುಂದಿನ ಭಾನುವಾರ ಮತ್ತೆ ಫೋನ್ ಮಾಡುತ್ತೇನೆ.

ಸಂಕ್ರಾಂತಿಗೆ ಉಳಿದ ರಜೆಯಲ್ಲಿ ಮೂರು ದಿನ ತೆಗೆದು ಧಾರವಾಡಕ್ಕೆ ಹೋದೆ. ಟೀಚರ್ ಯಜಮಾನರು ಸ್ಟೇಷನ್ನಿಗೆ ಬಂದಿದ್ದರು, ನನ್ನ ಚೀಲ ಕೈಯಿಂದ ತಗೊಂಡರು. ಮಿತಭಾಷಿ, ಒಳ್ಳೆಯವರು. ಟೀಚರ್ ಸ್ವಲ್ಪ ದಪ್ಪಗಾಗಿದ್ದರು, ಚೆನ್ನಾಗಿ ಕಾಣುತ್ತಿದ್ದರು. ನನಗೆ ಅಡುಗೆಮನೆಯೊಳಗೆ ಕಾಲಿಡಲು ಬಿಡಲಿಲ್ಲ. ಹೊಸ ತಟ್ಟೆ, ಹೊಸ ಲೋಟ, ಮಂಚದ ಮೇಲೆ ಇಸ್ತ್ರಿ ಮಾಡಿದ ಹಾಸು. ನನಗೋಸ್ಕರ ಎಲ್ಲಿಂದಲೋ ಕುಚ್ಚಲಕ್ಕಿ ತರಿಸಿ ಅನ್ನ ಮಾಡಿದ್ದರು. ಹನ್ನೊಂದು ವರ್ಷ ನನ್ನ ಎಂಜಲು ಲೋಟವನ್ನು ಸಿಂಕಿನಲ್ಲಿ ಬಿಟ್ಟಿದ್ದಕ್ಕೆ ಬೈದವರು ಈಗ ನೀವು ಏಳಬ್ಯಾಡ್ರಿ ಅಂತ ಕೈಯಿಂದ ಕಿತ್ತುಕೊಂಡು ತೊಳೆದರು. ಆದರ ಬೇಕಷ್ಟಿತ್ತು. ಅಷ್ಟು ಆದರದ ನಡುವೆ ನನಗೆ ಕೂರಲು ಜಾಗವೇ ಸಿಗಲಿಲ್ಲ.

ಕೊನೆಯ ದಿನ ಮಧ್ಯಾಹ್ನ ಯಜಮಾನರು ಪೇಟೆಗೆ ಹೋದಾಗ ಇಬ್ಬರೂ ಹಿತ್ತಲ ಕಟ್ಟೆಯ ಮೇಲೆ ಕೂತು ಅವರೆಕಾಯಿ ಸುಲಿದೆವು. ಅದೊಂದನ್ನು ಮಾಡಲು ಬಿಟ್ಟರು. ಮನೆಗೆ ಬೇರೆ ಯಾರನ್ನಾದರೂ ಜೊತೆಗೆ ಇಟ್ಟುಕೊಳ್ಳಬಾರದೇ ಅಂತ ಕೇಳಿದರು. ಆಸ್ಪತ್ರೆಯಲ್ಲಿ ನರ್ಸ್ ಹುಡುಗಿಯರು ಕೇಳುತ್ತಿರುತ್ತಾರೆ, ನೋಡುತ್ತೇನೆ ಅಂದೆ. ನೋಡ್ರಿ ಅಂದರು. ಇಬ್ಬರೂ ಬೇಗಬೇಗ ಸುಲಿದೆವು, ಬುಟ್ಟಿ ತುಂಬಿತು. ಅರ್ಧ ಕಾಳನ್ನು ಅವರು ಚೀಲಕ್ಕೆ ಹಾಕಿ ನನಗೆ ಕೊಟ್ಟರು, ಒಬ್ಬಳಿಗೆ ಅದು ಹದಿನೈದು ದಿನಕ್ಕಾಗುವಷ್ಟಿತ್ತು.

ರೈಲು ಬೆಳಗ್ಗೆ ದಾದರ್ ಮುಟ್ಟಿತು. ಚೆಂಬೂರಿಗೆ ಬಂದು, ಬೀಗ ತೆಗೆದು, ಕಿಟಕಿಗಳನ್ನೆಲ್ಲ ತೆರೆದೆ. ಮೂರು ದಿನ ಮುಚ್ಚಿದ್ದ ಮನೆಗೆ ಹತ್ತಿರದ ತೈಲ ರಿಫೈನರಿ ಕಡೆಯ ಗಾಳಿ ಬಂತು. ಕಾಳನ್ನು ಫ್ರಿಜ್ಜಿನಲ್ಲಿಟ್ಟು ಬಟ್ಟೆ ನೆನೆಹಾಕಿದೆ. ಒಂದು ಹಿಡಿ ಕಾಳನ್ನು ಕೆಳಗಿನ ಮನೆಯವರಿಗೆ ಕೊಟ್ಟು ಬಂದೆ. ಅವರು ಒಳಗೆ ಬನ್ನಿ ಅಂದರು, ಡ್ಯೂಟಿ ಇದೆ ಅಂದೆ. ಅವತ್ತು ನಿಜವಾಗಿಯೂ ಡ್ಯೂಟಿ ಇತ್ತು.